ಘಾಟ್‌ನಲ್ಲಿ ಹೊತ್ತಿದ ಎರಡು ಲೈಟ್: ಯಾವುದಕ್ಕೆ ನಿಲ್ಲಿಸಬೇಕು, ಯಾವುದಕ್ಕೆ ಟೈಮ್ ಇದೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು. ನಮ್ಮದು 2018ರ ಪೆಟ್ರೋಲ್ ಕಾರು, ಕಂಪನಿಯಿಂದಲೇ ಸಿಎನ್‌ಜಿ ಬಂದಿದೆ, 78,000 ಕಿ.ಮೀ. ಓಡಿದೆ. ಗಣಪತಿ ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗುವಾಗ ಖಂಬಾಟ್ಕಿ ಘಾಟ್ ಏರುತ್ತಿದ್ದಂತೆ ಗಾಡಿ ಜಗ್ಗತೊಡಗಿತು. ಹಳದಿ ಎಂಜಿನ್ ಲೈಟ್ ಮೊದಲು ಮಿಣುಕಿತು, ಆಮೇಲೆ ಆರದೆ ಹಾಗೇ ನಿಂತಿತು. ವಾಪಸ್ ಬರುವಾಗ ಲೋಣಾವಳ ದಾಟಿ ಘಾಟ್ ಇಳಿಯುವಾಗ ತಿರುವುಗಳಲ್ಲಿ ಕೆಂಪು ಬ್ರೇಕ್ ಲೈಟ್ ಹೊತ್ತಿ ಹೊತ್ತಿ ಆರಿತು. ಮನೆ ಹತ್ತಿರದ ಗ್ಯಾರೇಜಿನವರು ಮಷಿನ್ ಹಾಕಿ ಎಂಜಿನ್ ಲೈಟ್ ತೆಗೆದರು, ಬ್ರೇಕ್ ಆಯಿಲ್ ತುಂಬಿಸಿದರು. ನಾಲ್ಕು ದಿನಕ್ಕೆ ಎಂಜಿನ್ ಲೈಟ್ ಮತ್ತೆ ಬಂದಿದೆ. ದೀಪಾವಳಿಗೆ ಗೋವಾ ಮೇಲಿಂದ ಕಾರವಾರಕ್ಕೆ ಹೋಗಬೇಕು. ಹೋಗಬಹುದೇ? ಯಾವ ಲೈಟ್ ಬಂದರೆ ತಕ್ಷಣ ನಿಲ್ಲಿಸಬೇಕು?

ಉತ್ತರ: ನಿಮ್ಮ ಚಿಂತೆಯೆಲ್ಲ ಎಂಜಿನ್ ಲೈಟ್ ಮೇಲಿದೆ. ಆದರೆ ನಿಮ್ಮ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಬ್ರೇಕ್. ಆ ಲೈಟ್ ಈಗ ಆರಿದೆ ಎಂಬುದೇ ಹೆಚ್ಚು ಅಪಾಯದ ಸಂಗತಿ, ಏಕೆಂದರೆ ಅದು ಹೊತ್ತಿದ ಕಾರಣವನ್ನು ಯಾರೂ ಹುಡುಕಿಲ್ಲ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಒಂದು ಫ್ಲೋಟ್ ಇರುತ್ತದೆ. ಆಯಿಲ್ ಕೆಳಗಿನ ಗೆರೆಗೆ ಹತ್ತಿರ ಬಂದಾಗ ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ತಿರುವು ತೆಗೆದುಕೊಂಡಾಗ, ಬ್ರೇಕ್ ಒತ್ತಿದಾಗ, ಆಯಿಲ್ ಒಂದು ಮೂಲೆಗೆ ಸರಿಯುತ್ತದೆ, ಫ್ಲೋಟ್ ಕ್ಷಣಕಾಲ ಕೆಳಗಿಳಿಯುತ್ತದೆ, ಲೈಟ್ ಹೊತ್ತುತ್ತದೆ. ನೀವು ಬರೆದಿರುವ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವ ವಸ್ತುವಲ್ಲ. ಮಟ್ಟ ಇಳಿದಿದೆ ಎಂದರೆ ಎರಡರಲ್ಲಿ ಒಂದು: ಬ್ರೇಕ್ ಪ್ಯಾಡ್ ಸವೆದು ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್‌ಗಳು ಹೊರಗೆ ಬಂದಿವೆ, ಆ ಜಾಗವನ್ನು ಆಯಿಲ್ ತುಂಬಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಮೇಲಿಂದ ಆಯಿಲ್ ಸುರಿದರೆ ಎರಡೂ ಮುಚ್ಚಿಹೋಗುತ್ತವೆ. ಸವೆತವೇ ಕಾರಣವಾಗಿದ್ದರೆ, ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಹೆಚ್ಚಾದ ಆಯಿಲ್ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ. ಅದು ಪೇಂಟ್ ತಿನ್ನುತ್ತದೆ, ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಬೇಕು.

ಈಗ ಮಾಡಬೇಕಾದದ್ದು ಇದು. ಬಾನೆಟ್ ತೆಗೆದು ಡಬ್ಬಿಯ ಮೇಲೆ ಇವತ್ತಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ, ತಾರೀಖು ಬರೆಯಿರಿ. ಆಮೇಲೆ ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ಮೂರು ನಾಲ್ಕು ಸಲ ಒತ್ತಿ. ಅದು ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ. ಪೆಡಲ್ ನಿಧಾನವಾಗಿ ಕೆಳಗೆ ಇಳಿದರೆ ಸೋರಿಕೆ ಇದೆ ಅಥವಾ ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ಇಳಿಯದಿದ್ದರೆ ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಒಳಗೆ ಹೋಗಬೇಕು. ಹೋದರೆ ಪೆಡಲ್ ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ.

ನಂತರ ನಾಲ್ಕೂ ಚಕ್ರ ಬಿಚ್ಚಿಸಿ, ಎದುರಿಗೆ ನಿಂತು ನೋಡಿ. ಹೊಸ ಪ್ಯಾಡ್‌ನ ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ, 3 ಮಿ.ಮೀ.ಗೆ ಬಂದಿದ್ದರೆ ಬದಲಿಸಲೇಬೇಕು. ಹೊರಗಿನ ಪ್ಯಾಡ್ ಚೆನ್ನಾಗಿ ಕಂಡರೆ ಸಾಲದು, ಒಳಗಿನದನ್ನೂ ನೋಡಿ. ಕ್ಯಾಲಿಪರ್ ಪಿನ್ ಜಾಮ್ ಆದಾಗ ಒಳಗಿನದೇ ಬೇಗ ಸವೆಯುತ್ತದೆ. ಹಿಂದಿನ ಡ್ರಮ್ ತೆಗೆಸಿದಾಗ ಒಳಗೆ ಒದ್ದೆ ಇದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಮುಂದಿನ ರಬ್ಬರ್ ಹೋಸ್‌ಗಳಲ್ಲಿ ಬಿರುಕಿದೆಯೇ, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಕಡೆ ಜಿಡ್ಡಿದೆಯೇ ನೋಡಿ. ಕೆಲವು ಕಾರುಗಳಲ್ಲಿ ಹೈಡ್ರಾಲಿಕ್ ಕ್ಲಚ್‌ಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಅಂಥ ಗಾಡಿಯಲ್ಲಿ ಬ್ರೇಕ್ ಎಲ್ಲಾ ಸರಿಯಿದ್ದು ಕ್ಲಚ್ ಕಡೆಯ ಸೋರಿಕೆಯಿಂದ ಬ್ರೇಕ್ ಲೈಟ್ ಬರುವುದುಂಟು.

ಇನ್ನೊಂದು ಮಾತು. ಘಾಟ್‌ನಲ್ಲಿ ಬ್ರೇಕ್ ಕೈಕೊಡುವ ಒಂದು ದೊಡ್ಡ ಕಾರಣಕ್ಕೆ ಡ್ಯಾಶ್‌ಬೋರ್ಡ್‌ನಲ್ಲಿ ಲೈಟೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ, ಮುಂಬೈ-ಕೊಂಕಣದ ಹವೆಯಲ್ಲಿ ಇದಕ್ಕೆ ಏನೂ ಕೊರತೆಯಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲ್‌ಗೆ ಅದೇ ಮಾನದಂಡ ಇಟ್ಟಿರುವುದು 155 ಡಿಗ್ರಿ. ಐದು ಜನ, ಡಿಕ್ಕಿ ತುಂಬ ಸಾಮಾನು, ಇಡೀ ಇಳಿಜಾರಿಗೆ ಬ್ರೇಕ್ ಮೇಲೆ ಕಾಲು. ಈ ಸ್ಥಿತಿಯಲ್ಲಿ ಹಳೆಯ ಆಯಿಲ್ ಕ್ಯಾಲಿಪರ್‌ನೊಳಗೆ ಕುದಿದು ಆವಿಯಾಗುತ್ತದೆ. ಆವಿ ಒತ್ತಡಕ್ಕೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಡಬ್ಬಿಯಲ್ಲಿ ಮಟ್ಟ ಸರಿಯಾಗಿಯೇ ಇರುವುದರಿಂದ ಲೈಟ್ ಹೊತ್ತುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಡಬ್ಬಿಯಲ್ಲಿರುವುದನ್ನು ಮಾತ್ರ ಹೀರಿ ತೆಗೆಯುವುದಲ್ಲ, ನಾಲ್ಕೂ ಚಕ್ರದಿಂದ ಹೊಸ ಆಯಿಲ್ ಬರುವವರೆಗೆ ಹಳೆಯದನ್ನು ಹೊರಬಿಡಬೇಕು (ಬ್ಲೀಡ್ ಮಾಡಬೇಕು). ಸಣ್ಣ ಕಾರಿಗೆ ಒಂದು ಲೀಟರ್ ಸಾಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ, ಅದನ್ನೇ ಹಾಕಿಸಿ. ಸೀಲ್ ಒಡೆದು ಗ್ಯಾರೇಜಿನ ಮೂಲೆಯಲ್ಲಿಟ್ಟ ಅರ್ಧ ಬಾಟಲಿ ಬೇಡ. ಘಾಟ್ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿರಿ. ಮೈಲೇಜ್ ಆಸೆಗೆ ನ್ಯೂಟ್ರಲ್ ಹಾಕುವುದು, ಎಂಜಿನ್ ಆಫ್ ಮಾಡುವುದು ಖಂಡಿತ ಬೇಡ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬೂಸ್ಟರಿನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತದೆ. ಕಾತ್ರಜ್ ಕಡೆಯಿಂದ ಪುಣೆಯ ನವಲೆ ಬ್ರಿಡ್ಜ್‌ಗೆ ಇಳಿಯುವ ರಸ್ತೆಯಲ್ಲಿ ಲಾರಿಗಳ ಬ್ರೇಕ್ ಫೇಲಾಗಿ ಆದ ಸರಣಿ ಅಪಘಾತಗಳ ಸುದ್ದಿ ನೀವೂ ಓದಿರುತ್ತೀರಿ. ಕಾರಿಗೂ ಅದೇ ಇಳಿಜಾರು, ಅದೇ ಭೌತಶಾಸ್ತ್ರ.

ಓಡಿಸುವಾಗಲೇ ಕೆಂಪು ಬ್ರೇಕ್ ಲೈಟ್ ಬಂದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದರೆ ಪೆಡಲ್ ಮೆಲ್ಲಗೆ ಒತ್ತಿ. ಎಂದಿನಂತೆ ಗಟ್ಟಿಯಿದ್ದರೆ ವೇಗ ಇಳಿಸಿ ಎಡಕ್ಕೆ ನಿಲ್ಲಿಸಿ, ಡಬ್ಬಿ ನೋಡಿ. ಪೆಡಲ್ ಮೆತ್ತಗಿದ್ದರೆ ಬೇಗಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಹಳದಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಒಂದೇ ಬಂದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಬಹುದು ಅಷ್ಟೆ. ಮಳೆಗಾಲದ ಕೆಸರು ವೀಲ್ ಸೆನ್ಸರಿಗೆ ಮೆತ್ತಿಕೊಂಡಾಗ, ಇಲಿ ವೈರ್ ಕಡಿದಾಗ ಇದು ಬರುತ್ತದೆ. ಎಬಿಎಸ್ ಮತ್ತು ಕೆಂಪು ಬ್ರೇಕ್ ಲೈಟ್ ಎರಡೂ ಒಟ್ಟಿಗೆ ಬಂದರೆ ಮುಂದಿನ-ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ಹೋಗಿದೆ ಎಂದು ತಿಳಿಯಿರಿ. ಆಗ ಮುಂದೆ ಹೋಗಬೇಡಿ.

ಇನ್ನು ಎಂಜಿನ್ ಲೈಟ್. ಇದರಲ್ಲಿ ಬಣ್ಣಕ್ಕಿಂತ ಮುಖ್ಯವಾದದ್ದು ಅದು ಮಿಣುಕುತ್ತಿದೆಯೋ, ಆರದೆ ನಿಂತಿದೆಯೋ ಎಂಬುದು. ನಿಂತ ಲೈಟ್ ಎಂದರೆ ಗಾಡಿಯ ಕಂಪ್ಯೂಟರ್ ಒಂದು ದೋಷ ಕಂಡು ಬರೆದಿಟ್ಟುಕೊಂಡಿದೆ. ಗಾಡಿ ಎಂದಿನಂತೆ ಓಡುತ್ತಿದ್ದರೆ ಊರು ಮುಟ್ಟಿ, ಆ ವಾರದಲ್ಲಿ ತೋರಿಸಿ. ಮಿಣುಕುವ ಲೈಟ್ ಎಂದರೆ ಮಿಸ್‌ಫೈರ್: ಒಂದು ಸಿಲಿಂಡರಿನಲ್ಲಿ ಇಂಧನ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸುವಷ್ಟು ಬಿಸಿ ಮಾಡುತ್ತದೆ. ಹೊಸ ಕನ್ವರ್ಟರಿಗೆ ಹತ್ತಾರು ಸಾವಿರ ರೂಪಾಯಿ. ಖಂಬಾಟ್ಕಿಯಲ್ಲಿ ಮಿಣುಕಿದ ಕೂಡಲೇ ನೀವು ಆಕ್ಸಿಲರೇಟರ್ ಸಡಿಲಿಸಿ, ಕೆಳಗಿನ ಗೇರಿಗೆ ಬಂದು, ಪೆಟ್ರೋಲ್‌ಗೆ ಬದಲಿಸಬೇಕಿತ್ತು. ಆಗಲೂ ಮಿಣುಕಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕಿತ್ತು.

ಏರಿನಲ್ಲೇ, ಲೋಡಿನಲ್ಲೇ ಬಂತು ಎಂಬುದು ಒಳ್ಳೆಯ ಸುಳಿವು. ಸಿಎನ್‌ಜಿಯಲ್ಲಿ ಕಿಡಿ ಹಾರಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು, ಏರು ಹತ್ತುವಾಗ ಇನ್ನೂ ಹೆಚ್ಚು. ಸವೆದ ಸ್ಪಾರ್ಕ್ ಪ್ಲಗ್, ಪ್ಲಗ್‌ಗೆ ಆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಬಿರುಕುಬಿಟ್ಟದ್ದು ಊರೊಳಗಿನ ಟ್ರಾಫಿಕ್‌ನಲ್ಲಿ ಹೇಗೋ ನಿಭಾಯಿಸಿ, ಘಾಟ್‌ನಲ್ಲಿ ಸೋಲುತ್ತವೆ. ಲೈಟ್ ನಾಲ್ಕು ದಿನ ಬಿಟ್ಟು ಬಂದದ್ದಕ್ಕೂ ಕಾರಣವಿದೆ. ಹೆಚ್ಚಿನ ದೋಷಗಳನ್ನು ಕಂಪ್ಯೂಟರ್ ಒಂದೇ ಸಲಕ್ಕೆ ನಂಬುವುದಿಲ್ಲ. ಎರಡು ಓಟಗಳಲ್ಲಿ ಬೆನ್ನುಬೆನ್ನಿಗೆ ಕಂಡರೆ ಮಾತ್ರ ಲೈಟ್ ಹೊತ್ತಿಸುತ್ತದೆ. ಕೋಡ್ (ಅದು ಬರೆದಿಟ್ಟ ದೋಷದ ನಂಬರ್) ಅಳಿಸಿದಾಗ ಅದರ ಲೆಕ್ಕವೆಲ್ಲ ಸೊನ್ನೆಯಿಂದ ಶುರುವಾಗುತ್ತದೆ. ಗ್ಯಾರೇಜಿನವರು ಆರಿಸಿದ್ದು ಲೈಟನ್ನು, ದೋಷವನ್ನಲ್ಲ. ಅದರ ಜೊತೆಗೆ ‘ಫ್ರೀಜ್ ಫ್ರೇಮ್’ ಕೂಡ ಅಳಿದುಹೋಯಿತು. ದೋಷ ಬಂದ ಕ್ಷಣದ ಆರ್‌ಪಿಎಂ, ವೇಗ, ಲೋಡ್, ಎಂಜಿನ್ ಬಿಸಿ ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಒಳ್ಳೆಯ ಮೆಕ್ಯಾನಿಕ್ ಮೊದಲು ಓದುವುದೇ ಅದನ್ನು.

ಈ ಸಲ ಮಷಿನ್ ಹಾಕುವ ಮೊದಲೇ ಹೇಳಿ: ಕೋಡ್ ನಂಬರ್ ಬರೆದುಕೊಡಿ, ಫ್ರೀಜ್ ಫ್ರೇಮ್‌ನ ಫೋಟೋ ಬೇಕು, ನಾನು ಹೇಳುವವರೆಗೆ ಅಳಿಸಬೇಡಿ. ಸ್ಟೀರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇದೆ, ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಮೊಬೈಲಿನಲ್ಲೇ ಓದಬಹುದು. ಪಿ 0300 ಬಂದರೆ ಮಿಸ್‌ಫೈರ್ ಯಾವುದೋ ಒಂದು ಸಿಲಿಂಡರಿನದಲ್ಲ, ಎಲ್ಲ ಕಡೆ ಅಡ್ಡಾಡುತ್ತಿದೆ: ಪ್ಲಗ್‌ಗಳೆಲ್ಲ ಹಳೆಯದಾಗಿರಬಹುದು, ಗ್ಯಾಸ್ ಒತ್ತಡ ಕಡಿಮೆ ಇರಬಹುದು, ಸಿಎನ್‌ಜಿ ಫಿಲ್ಟರ್ ಕಟ್ಟಿರಬಹುದು. ಪಿ 0302 ಎಂದರೆ ಎರಡನೇ ಸಿಲಿಂಡರ್. ಆಗ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಎಂಜಿನ್ ತಣ್ಣಗಿರುವಾಗ ಎರಡನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ. ಹೊಸ ಕೋಡ್ ಪಿ 0303 ಆದರೆ ಕಾಯಿಲ್ ಕೆಟ್ಟಿದೆ. ಪಿ 0302 ಆಗಿಯೇ ಉಳಿದರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿ. ಆಗಲೂ ಜಾಗ ಬಿಡದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ಕಡೆ ಹೋಗಬೇಕು. ಪೆಟ್ರೋಲ್‌ನಲ್ಲಿ ನಯವಾಗಿ ಓಡಿ ಸಿಎನ್‌ಜಿಯಲ್ಲಿ ಮಾತ್ರ ಜಗ್ಗಿದರೆ ದೋಷ ಪ್ಲಗ್-ಕಾಯಿಲ್‌ನಲ್ಲಿ ಅಥವಾ ಗ್ಯಾಸ್ ಭಾಗಗಳಲ್ಲಿ. ಪೆಟ್ರೋಲ್‌ನಲ್ಲಿ ಮಾತ್ರ ಜಗ್ಗಿದರೆ, ವರ್ಷಗಟ್ಟಲೆ ಗ್ಯಾಸ್‌ನಲ್ಲೇ ಓಡಿಸಿ ಪೆಟ್ರೋಲ್ ಇಂಜೆಕ್ಟರ್ ಕಟ್ಟಿರುವ ಸಾಧ್ಯತೆ ಹೆಚ್ಚು. ಪ್ಲಗ್ ಹಾಕುವಾಗ ಸಿಎನ್‌ಜಿಗೆ ಕಂಪನಿ ಹೇಳಿದ ನಂಬರಿನದೇ ಇರಲಿ, ಗ್ಯಾಪ್ ಅಳೆದೇ ಕೂರಿಸಲಿ.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ 0420 ಕೋಡ್ ಕಂಡು ಯಾರಾದರೂ ಕನ್ವರ್ಟರ್ ಬದಲಿಸಿ ಎಂದರೆ ಅವಸರ ಮಾಡಬೇಡಿ. ಮೊದಲು ಮಿಸ್‌ಫೈರ್ ನಿಲ್ಲಲಿ, ಸೈಲೆನ್ಸರ್ ಪೈಪಿನ ಸೋರಿಕೆ ಮತ್ತು ಆಕ್ಸಿಜನ್ ಸೆನ್ಸರ್ ನೋಡಲಿ. ಎಷ್ಟೋ ಸಲ ಕೋಡ್ ಹಿಂದಿರುಗುವುದಿಲ್ಲ.

ಈಗ ನೀವು ಕೇಳಿದ ಸಾಮಾನ್ಯ ಪ್ರಶ್ನೆಗೆ ಬರೋಣ. ಹಸಿರು, ನೀಲಿ ಲೈಟ್‌ಗಳು ಏನೋ ಚಾಲೂ ಇದೆ ಎನ್ನುತ್ತವೆ. ಹಳದಿ ಎಂದರೆ ದೋಷವಿದೆ, ತೋರಿಸಿ. ಕೆಂಪು ಎಂದರೆ ಈಗಲೇ. ಆದರೆ ಎಲ್ಲ ಕೆಂಪಿಗೂ ಒಂದೇ ಅವಧಿ ಸಿಗುವುದಿಲ್ಲ.

ಎಣ್ಣೆಗಿಂಡಿಯ ಕೆಂಪು ಗುರುತಿಗೆ ನಿಮಗೆ ಸಿಗುವುದು ಸೆಕೆಂಡ್‌ಗಳು. ಅದು ಹೇಳುವುದು ಎಂಜಿನ್ ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು. ಒತ್ತಡ ಇಲ್ಲದೆ ಓಡಿದರೆ ಬೇರಿಂಗ್‌ಗಳು ಒಣಗಿ ತಿಕ್ಕಿ ಎಂಜಿನ್ ಹಿಡಿದುಕೊಳ್ಳುತ್ತದೆ. ಎಡಕ್ಕೆ ತೆಗೆದುಕೊಂಡು ಎಂಜಿನ್ ಆರಿಸಿ, ಹತ್ತು ನಿಮಿಷ ಕಾದು, ಸಮತಟ್ಟಿನಲ್ಲಿ ಡಿಪ್‌ಸ್ಟಿಕ್ ನೋಡಿ. ಸಣ್ಣ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಮುಕ್ಕಾಲರಿಂದ ಒಂದು ಲೀಟರ್ ಹಿಡಿಯುತ್ತದೆ. ಕಡಿಮೆ ಇದ್ದರೆ ಸರಿಯಾದ ಗ್ರೇಡಿನದನ್ನು ಹಾಕಿ, ಲೈಟ್ ಆರಿದರೆ ಮಾತ್ರ ಹೊರಡಿ. ಮಟ್ಟ ಸರಿಯಿದ್ದೂ ಲೈಟ್ ಆರದಿದ್ದರೆ ಟೋ ಮಾಡಿಸಿ. ಅದು ಬರೀ ಪ್ರೆಷರ್ ಸ್ವಿಚ್ ಇರಬಹುದು, ಆದರೆ ಆ ಊಹೆಯ ಮೇಲೆ ಎಂಜಿನ್ ಪಣಕ್ಕಿಡಬೇಡಿ. ಗುಂಡಿಗೋ ಸ್ಪೀಡ್ ಬ್ರೇಕರಿಗೋ ಅಡಿ ಬಡಿದ ಸ್ವಲ್ಪ ಹೊತ್ತಿಗೆ ಈ ಲೈಟ್ ಬಂದರೆ ಆಯಿಲ್ ಸಂಪ್ ಒಡೆದಿದೆ ಎಂದೇ ತಿಳಿದು ಗಾಡಿ ಕೆಳಗೆ ನೋಡಿ.

ಥರ್ಮಾಮೀಟರಿನ ಗುರುತಿಗೆ ಒಂದೆರಡು ನಿಮಿಷ. ಮುಳ್ಳು ಮೇಲೇರುತ್ತಿದೆ, ಇನ್ನೂ ಕೆಂಪಿಗೆ ಮುಟ್ಟಿಲ್ಲ ಎಂದರೆ ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಪೂರ್ತಿ ವೇಗಕ್ಕೆ ಇಡಿ; ಎಂಜಿನ್ನಿನ ಬಿಸಿ ಒಳಕ್ಕೆ ಬಂದು ನೀವು ಬೆವರುತ್ತೀರಿ, ಎಂಜಿನ್ ಉಳಿಯುತ್ತದೆ. ಕೆಂಪು ಬಂದರೆ, ಹಬೆ ಕಂಡರೆ ನಿಲ್ಲಿಸಿ ಆರಿಸಿ. ಮುಕ್ಕಾಲು ಗಂಟೆಯಾದರೂ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ವಿಸಿಲ್ ಇಳಿಯದ ಕುಕ್ಕರ್ ತೆರೆದಂತೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಮೇಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ತಣ್ಣಗಾಯಿತೆಂದು ಸಮಾಧಾನಪಡಬೇಡಿ. ಕೂಲಂಟ್ ಖಾಲಿಯಾಗಿ ಸೆನ್ಸರಿಗೆ ತಾಗಲು ಏನೂ ಉಳಿದಿಲ್ಲದಿರಬಹುದು. ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯೇರಿ ಓಡುವಾಗ ಇಳಿದರೆ ಫ್ಯಾನ್, ಅದರ ರಿಲೇ ನೋಡಿಸಿ.

ಬ್ಯಾಟರಿ ಗುರುತಿಗೆ ಹೆಚ್ಚು ಸಮಯ ಸಿಗುತ್ತದೆ. ಇದು ಬ್ಯಾಟರಿ ಕೆಟ್ಟಿದೆ ಎನ್ನುವುದಿಲ್ಲ, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಎನ್ನುತ್ತದೆ. ಹಗಲಲ್ಲಿ ಎಸಿ, ಆಡಿಯೋ ಆರಿಸಿದರೆ ಅರ್ಧ ಗಂಟೆಯಷ್ಟು ಓಡಬಹುದು. ರಾತ್ರಿ ಹೆಡ್‌ಲೈಟ್, ವೈಪರ್ ಜೊತೆ ಅದರಲ್ಲೂ ಖೋತಾ. ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು, ಹಾಗಾಗಿ ನೇರ ಗ್ಯಾರೇಜಿಗೆ ಹೋಗಿ. ಆದರೆ ಇದರ ಹಿಂದೆಯೇ ಬಿಸಿಯೂ ಏರತೊಡಗಿದರೆ ಬೆಲ್ಟ್ ತುಂಡಾಗಿ ನೀರಿನ ಪಂಪೂ ನಿಂತಿದೆ, ಆಗ ನಿಲ್ಲಿಸಲೇಬೇಕು. ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ: ಎಂಜಿನ್ ಆಫ್ ಇದ್ದಾಗ 12.4ರಿಂದ 12.7 ವೋಲ್ಟ್, ಓಡುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5.

ಉಳಿದವನ್ನು ಚುಟುಕಾಗಿ ಹೇಳುತ್ತೇವೆ. ಏರ್‌ಬ್ಯಾಗ್ ಲೈಟ್ ಆರದೆ ಉಳಿದಿದ್ದರೆ ಅಪಘಾತದಲ್ಲಿ ಬ್ಯಾಗ್ ತೆರೆಯದಿರಬಹುದು. ಜೊತೆಗೆ ಹಾರ್ನ್ ಕೂಡ ಕೆಲಸ ಮಾಡದಿದ್ದರೆ ಸ್ಟೀರಿಂಗಿನೊಳಗಿನ ಸುರುಳಿ ಕೇಬಲ್ ಕಡಿದಿದೆ. ಸೀಟ್ ಕೆಳಗೆ ಸಾಮಾನು ತುರುಕಿದ ಮೇಲೆ ಬಂದರೆ ಅಲ್ಲಿನ ಕನೆಕ್ಟರ್ ಸಡಿಲಾಗಿದೆ. ಇದಕ್ಕೆ ಮನೆಯಲ್ಲಿ ಕೈಹಾಕಬೇಡಿ. ಟೈರ್ ಲೈಟ್ ಸ್ಥಿರವಾಗಿದ್ದರೆ ಗಾಳಿ ಕಡಿಮೆ; ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಮಿಣುಕಿ ಆಮೇಲೆ ಆರದೆ ಉಳಿದರೆ ಸೆನ್ಸರ್ ದೋಷ. ಗಾಳಿಯ ಲೆಕ್ಕ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ, ಟೈರ್ ತಣ್ಣಗಿದ್ದಾಗ ಹಿಡಿಸಿ. ಡೀಸೆಲ್ ಬಿಎಸ್6 ಗಾಡಿಯವರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಮುಂಬೈನ ತೆವಳುವ ಟ್ರಾಫಿಕ್‌ನ ಕೊಡುಗೆ: ಫಿಲ್ಟರಿನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅದು ಬಂಪರ್‌ಗೆ ಬಂಪರ್ ಓಟದಲ್ಲಿ ಬರುವುದಿಲ್ಲ. 2,000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. 21.8 ಕಿ.ಮೀ.ನ ಅಟಲ್ ಸೇತು ಗಂಟೆಗೆ 80ರಲ್ಲಿ ದಾಟಲು ಹದಿನಾರು ನಿಮಿಷ, ಈ ಕೆಲಸದ ಬಹುಪಾಲಿಗೆ ಹೇಳಿ ಮಾಡಿಸಿದ ರಸ್ತೆ. ಜೊತೆಗೆ ಎಂಜಿನ್ ಲೈಟೂ ಬಂದು ಪಿಕಪ್ ಬಿದ್ದಿದ್ದರೆ ಆ ಹಂತ ದಾಟಿದೆ, ಸರ್ವಿಸ್ ಸೆಂಟರೇ ಗತಿ.

ಎಲ್ಲ ಲೈಟ್‌ಗಳೂ ಜೀವಂತವಾಗಿವೆಯೇ ಎಂದು ನೋಡುವುದೂ ಬೇಕು. ಕೀ ‘ಆನ್’ ಮಾಡಿ, ಸ್ಟಾರ್ಟ್ ಮಾಡದೆ ನೋಡಿ: ಎಂಜಿನ್, ಆಯಿಲ್, ಬ್ಯಾಟರಿ, ಎಬಿಎಸ್, ಏರ್‌ಬ್ಯಾಗ್ ಎಲ್ಲವೂ ಹೊತ್ತಬೇಕು. ಏರ್‌ಬ್ಯಾಗ್ ಕೆಲವು ಸೆಕೆಂಡಿಗೆ ತಾನಾಗಿ ಆರಬೇಕು, ಆಯಿಲ್ ಎಂಜಿನ್ ಶುರುವಾದ ಮೇಲೆ. ಹಳೆ ಕಾರು ಕೊಳ್ಳುವವರು ಇದನ್ನು ಮರೆಯಬಾರದು. ಏರ್‌ಬ್ಯಾಗ್ ಲೈಟ್ ಹೊತ್ತದೇ ಇದ್ದರೆ, ಅಥವಾ ಆಯಿಲ್ ಲೈಟ್ ಆರುವ ಅದೇ ಕ್ಷಣಕ್ಕೆ ಆರಿದರೆ, ಯಾರೋ ದೋಷ ಮುಚ್ಚಲು ವೈರ್ ಬೇರೆಡೆ ಕಟ್ಟಿರುವ ಅನುಮಾನ ಪಡಿ.

ನಿಲ್ಲಿಸಬೇಕಾಗಿ ಬಂದರೆ ಹಜಾರ್ಡ್ ಹಾಕಿ, ಎಕ್ಸ್‌ಪ್ರೆಸ್‌ವೇಯಲ್ಲಿ ಎಡಗಡೆಯ ಶೋಲ್ಡರಿಗೆ ಪೂರ್ತಿ ಸರಿಯಿರಿ. ಎಲ್ಲರೂ ಎಡ ಬಾಗಿಲಿನಿಂದಲೇ ಇಳಿದು ತಡೆಗೋಡೆಯ ಆಚೆ ನಿಲ್ಲಲಿ, ತ್ರಿಕೋನವನ್ನು ಐವತ್ತು ಮೀಟರ್ ಹಿಂದೆ ಇಡಿ. ಗಾಡಿಯ ಹಿಂದೆ ನಿಂತು ಫೋನ್ ಮಾಡುವುದು ಬೇಡ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112.

ಕಾರವಾರಕ್ಕೆ ಹೋಗಬಹುದೇ ಎಂದು ಕೇಳಿದ್ದೀರಿ. ಆ ದಾರಿಯಲ್ಲಿ ಪರಶುರಾಮ ಘಾಟ್ ಇದೆ, ಕಾಣಕೋಣದ ಹತ್ತಿರ ಕರ್ಮಲ್ ಘಾಟ್ ಇದೆ. ಪ್ಯಾಡ್ ಮತ್ತು ಡ್ರಮ್ ಪರೀಕ್ಷೆ, ಬ್ರೇಕ್ ಆಯಿಲ್ ಬದಲಾವಣೆ, ಮಿಸ್‌ಫೈರ್ ರಿಪೇರಿ, ಇದೇ ಕ್ರಮದಲ್ಲಿ ಹೊರಡುವ ಎರಡು ವಾರ ಮೊದಲೇ ಮುಗಿಸಿ. ಹೊಸ ಆಯಿಲ್ ಹಾಕಿದ ದಿನ ಡಬ್ಬಿಗೆ ಮತ್ತೆ ಗೆರೆ ಎಳೆಯಿರಿ. ಆ ಎರಡು ವಾರ ಊರೊಳಗೆ ಓಡಿಸಿ, ಒಮ್ಮೆ ಸಾಮಾನು ತುಂಬಿಕೊಂಡು ಸಿಎನ್‌ಜಿಯಲ್ಲೇ ಲೋಣಾವಳದವರೆಗೆ ಏರಿ ನೋಡಿ. ಮಟ್ಟ ಗೆರೆಯಲ್ಲೇ ಇದ್ದು ಎಂಜಿನ್ ಲೈಟ್ ಬಾರದಿದ್ದರೆ ಧಾರಾಳವಾಗಿ ಹೋಗಿ. ಎಂಜಿನ್ ಲೈಟ್ ಮಾತ್ರ, ಮಿಣುಕದೆ, ಗಾಡಿ ಜಗ್ಗದೆ ಬಂದರೆ ಪೆಟ್ರೋಲ್‌ನಲ್ಲಿ ಹೋಗಿಬಂದು ಆಮೇಲೆ ತೋರಿಸಬಹುದು. ಬ್ರೇಕ್ ಆಯಿಲ್ ಗೆರೆಯಿಂದ ಬೆರಳಿನಷ್ಟು ಇಳಿದಿದ್ದರೂ ಆ ಕಾರು ಡೊಂಬಿವಲಿಯಲ್ಲೇ ಇರಲಿ, ನೀವು ಕೊಂಕಣ ರೈಲ್ವೆಯಲ್ಲಿ ಹೋಗಿ.